ವಿಮಾನ ನಡೆಸುವವರೂ ನಮ್ಮಂಥ ಸಂಸಾರಸ್ಥರು

(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳಗಿನಿಂದ ಸಾಲ, ಗೊಬ್ಬರ, ಠೇವಣಿ ವಿಷಯ ಎಲ್ಲರೂ ಮಾತಾಡಿದರು. ನಾವು ಸ್ವಲ್ಪ ಬೇರೆ ಮಾತು ಹೇಳತೀವಿ, ಬೇಸರ ಮಾಡಿಕೋಬಾರದು.

ಹೋದ ವರ್ಷ ಲಕ್ಷ್ಮೇಶ್ವರಕ್ಕೆ ಬೀಗರ ಮನೆ ಲಗ್ನಕ್ಕೆ ಹೋಗಿದ್ದೆವು. ಅವರ ಅಳಿಯಂದಿರು ವಿಮಾನದ ಪೈಲಟ್. ಸುದ್ದಿ ತಿಳಿದದ್ದೇ ತಡ, ಹಂದರದ ಮಂದಿ ಮದುಮಕ್ಕಳನ್ನು ಬಿಟ್ಟು ಇವರ ಸುತ್ತ ನೆರೆದರು. "ಮ್ಯಾಲಿಂದ ನಮ್ಮ ಕಪ್ಪತಗುಡ್ಡ ಕಾಣತೈತೇನ್ರಿ?" ಎಂದು ಒಬ್ಬರು. "ಏರ್ ಡೆಕ್ಕನ್ನಿನ ಕ್ಯಾಪ್ಟನ್ ಗೋಪಿನಾಥರೂ ನಿಮ್ಮಂಗ ಪೈಲಟ್ಟೇನ್ರಿ?" ಎಂದು ಇನ್ನೊಬ್ಬರು. "ಅಲ್ರಿ, ಅವರು ಸೈನ್ಯದಾಗ ಕ್ಯಾಪ್ಟನ್ ಇದ್ದವರು. ಆಮ್ಯಾಲೆ ನಿಮ್ಮಂಗ ಒಕ್ಕಲುತನ ಮಾಡಿದವರು" ಎಂದು ನಕ್ಕರು. 2003ರಲ್ಲಿ ಆ ಕಂಪನಿ ಹುಬ್ಬಳ್ಳಿ-ಬೆಂಗಳೂರು ವಿಮಾನ ಬಿಟ್ಟಾಗಿನಿಂದ ನಾವೂ ತಪ್ಪೇ ತಿಳಿದಿದ್ದೆವು!

ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲೇ ಕುಂತು ರೊಟ್ಟಿ, ಎಣ್ಣೆಗಾಯಿ ಉಂಡರು. ಮಾತೆಲ್ಲಾ ಮಗಳ ಶಾಲೆ, ತಾಯಿಯ ಮೊಣಕಾಲು ನೋವು, ವಿಮಾನ ಕಲಿಯಲು ಮಾಡಿದ ಸಾಲ. ಆ ಸಾಲದ ಮೊತ್ತ ಕೇಳಿ, ನಮ್ಮ ಸಂಘದ ಸುಸ್ತಿದಾರರೆಲ್ಲ ಪಾಪದವರು ಅನಿಸಿತು.

ಊಟವಾದ ಕೂಡಲೇ ಹೊರಟು ನಿಂತರು. ನಾಡಿದ್ದು ನಸುಕಿನಲ್ಲಿ ಡ್ಯೂಟಿ, ಅದಕ್ಕೆ ಮೊದಲು ನಿದ್ದೆ ಆಗಬೇಕು ಎಂದರು. ನಿದ್ದೆಗೆ ಇಷ್ಟು ಹೆದರೋದೇ ಎಂದು ನಾವು ಚೇಷ್ಟೆ ಮಾಡಿದೆವು. ಅವರು ನಗಲಿಲ್ಲ. "ಡ್ಯೂಟಿಗೆ 12 ತಾಸು ಮೊದಲಿಂದ ಹನಿ ಸೆರೆ ಮುಟ್ಟಂಗಿಲ್ಲ. ಊದಿಸಿ ನೋಡಾಕ ಮಷೀನ್ ಐತಿ. ನಿದ್ದಿಗೆ ಅಂಥಾ ಮಷೀನ್ ಇಲ್ಲರಿ. ಇವತ್ತ ನನ್ನ ಕೈಲಿ ಆಗೂದಿಲ್ಲ ಅಂತ ನಾವಽ ಹೇಳಬೇಕು, ಹೇಳಿದ್ದನ್ನ ಮ್ಯಾಲಿನವರು ಕೇಳಬೇಕು" ಎಂದರು.

ಮಂಗಳೂರಿನ ದುರಂತ ನಿಮಗೆ ನೆನಪಿದ್ದೀತು. 2010ರ ಮೇ 22ರಂದು ದುಬೈದಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ಮಲಗಿದ್ದರು, ಇಳಿಸುವಾಗ ಮಂಪರು ಬಿಟ್ಟಿರಲಿಕ್ಕಿಲ್ಲ ಎಂದು ತನಿಖೆಯವರು ಬರೆದರು. ಇಳಿಸುವುದು ಬೇಡ, ಮತ್ತೆ ಮೇಲೆ ಹೋಗೋಣವೆಂದು ಪಕ್ಕದ ಪೈಲಟ್ ಮೂರು ಸಲ ಹೇಳಿದ್ದರಂತೆ.

ಈಗ ನಮ್ಮ ಲಾರಿಯ ಮಾತು. ಉಳ್ಳಾಗಡ್ಡಿ ತುಂಬಿಕೊಂಡು ಯಶವಂತಪುರಕ್ಕೆ ಹೊರಟಾಗ ನಮ್ಮ ಡ್ರೈವರ, "ಎರಡು ರಾತ್ರಿ ಕಣ್ಣು ಮುಚ್ಚಿಲ್ಲರಿ" ಎಂದಿದ್ದ. ದರ ಇಳಿದೀತು, ನಡಿ ಎಂದವರು ನಾವು. ರಾಣೆಬೆನ್ನೂರು ದಾಟಿ ಲಾರಿ ಮಗುಚಿತು, ಅವನ ಕಾಲು ಮುರಿಯಿತು. ನಷ್ಟವನ್ನು ಅವನ ಪಗಾರದಾಗ ಹಿಡಿಯಲು ಠರಾವು ಬಂದಾಗ ಕೈ ಎತ್ತಿದವರಲ್ಲಿ ನಾವೂ ಇದ್ದೆವು.

ಆ ಠರಾವು ರದ್ದು ಮಾಡಿ ಹಿಡಿದ ಹಣ ತಿರುಗಿ ಕೊಡಬೇಕು, ಸುಗ್ಗಿಯಲ್ಲಿ ಲಾರಿಗೆ ಇಬ್ಬರು ಡ್ರೈವರ ಇರಬೇಕು ಎಂದು ಮುಂದಿನ ಮಹಾಸಭೆಗೆ ಬರೆದು ಕೊಟ್ಟಿದ್ದೇವೆ. ಖರ್ಚು ಬರತದೆ, ಲಾಭಾಂಶ ಕಡಿಮೆಯಾದೀತು. ಅಂದು ತಾವೆಲ್ಲರೂ ಬರಬೇಕು. ಅವನು ಈಗ ಅಡಿಗೆ ಹಂದರದ ಕಡೆ ನೀರು ತುಂಬತಾ ಇದ್ದಾನೆ, ಊಟಕ್ಕೆ ಹೋದಾಗ ಮಾತಾಡಿಸಿರಿ.