ಸಾವಿರದಲ್ಲಿ ಏಳು

ಬೀದರ, ಭಾಲ್ಕಿ, ಔರಾದಿನ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಒಂದು ಲೆಕ್ಕ ಕೇಳಿರಿ. ಔಷಧ ಹೊರುವ ಸಾವಿರ ನ್ಯಾನೋಕಣಗಳನ್ನು ರಕ್ತಕ್ಕೆ ಬಿಟ್ಟರೆ ಕ್ಯಾನ್ಸರ್ ಗೆಡ್ಡೆ ಮುಟ್ಟುವುದು ಏಳು. ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ 2016ರ ವಿಶ್ಲೇಷಣೆ ಕಂಡ ಮಧ್ಯಮ ಪ್ರಮಾಣ ಅದು, ಶೇಕಡಾ 0.7. ಮಿಕ್ಕವುಗಳಲ್ಲಿ ಬಹಳಷ್ಟನ್ನು ಯಕೃತ್ತು, ಗುಲ್ಮಗಳೇ ಹಿಡಿದುಕೊಳ್ಳುತ್ತವೆ.

ಆ ಏಳನ್ನು ಎಪ್ಪತ್ತು ಮಾಡುವವರು ಬೇಕಾಗಿದ್ದಾರೆ. ನೀವೇ ಯಾಕಾಗಬಾರದು?

ಹೈದರಾಬಾದಿನ ದವಾಖಾನೆಗೆ ಹೋಗಿ ಕಿಮೋ ಹಾಕಿಸಿಕೊಂಡು ಬಂದವರು ನಮ್ಮ ಓಣಿಗಳಲ್ಲಿದ್ದಾರೆ. ಕೂದಲು ಉದುರಿ, ತುತ್ತು ಇಳಿಯದೆ ಅವರು ನರಳುವುದನ್ನು ನೀವೂ ಕಂಡಿದ್ದೀರಿ. ಡಾಕ್ಸೊರುಬಿಸಿನ್‌ನಂಥ ಔಷಧ ಗೆಡ್ಡೆಯ ಜೊತೆಗೆ ಹೃದಯವನ್ನೂ ಘಾಸಿಗೊಳಿಸಬಲ್ಲದು. ಅದನ್ನು ಗೆಡ್ಡೆಯ ಬಾಗಿಲವರೆಗೆ ಮುಚ್ಚಿಟ್ಟು ಒಯ್ಯಬೇಕು.

ಒಯ್ಯಲು ಒಂದು ದಾರಿ ರಂಧ್ರಭರಿತ ಸಿಲಿಕಾದ ನ್ಯಾನೋಕಣ. 1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಇಂಥ ವಸ್ತುವೊಂದನ್ನು ಪ್ರಕಟಿಸಿದಾಗ ಅವರ ಕಣ್ಣಿದ್ದದ್ದು ಪೆಟ್ರೋಲಿಯಂ ಮೇಲೆ. 2001ರಲ್ಲಿ ಸ್ಪೇನಿನ ಮರಿಯಾ ವಾಯೆಟ್-ರೆಹಿ ತಂಡ ಅದರೊಳಗೆ ಔಷಧ ತುಂಬಿಸಿತು. ಒಂದು ಗ್ರಾಂ ಪುಡಿಯ ಒಳಮೈ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್! ನಮ್ಮ ಕಾಲಡಿಯ ಕೆಂಪುಕಲ್ಲು ಮಳೆನೀರನ್ನು ತೂತುತೂತುಗಳಲ್ಲಿ ಇಳಿಸಿಕೊಂಡು ನೌಬಾದಿನ ನೆಲದಡಿಯ ಕಾಲುವೆಯಾದ ಕರೇಜಿಗೆ ಬಿಡುವಂತೆ, ಈ ಕಣವೂ ಔಷಧ ಹೀರಿ ಬಿಡುತ್ತದೆ. ಆದರೆ ಎಲ್ಲೆಂದರಲ್ಲಿ ಸೋರಬಾರದು, ಬಾಯಿಗೆ ಮುಚ್ಚಳ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಶೋಕ ರಾಯಚೂರ್ ಅವರ ತಂಡ ಪ್ರೊಟಮಿನ್ ಎಂಬ ಪ್ರೋಟೀನನ್ನೇ ಮುಚ್ಚಳ ಮಾಡಿತು; ಟ್ರಿಪ್ಸಿನ್ ಕಿಣ್ವ ತಾಗಿದರೆ ಅದು ಕರಗಿ ಔಷಧ ಹೊರಬರುತ್ತದೆ. ಗೆಡ್ಡೆಯ ಸುತ್ತ ಕಿಣ್ವಗಳು ಹೆಚ್ಚಿರುತ್ತವೆ, ಆಮ್ಲೀಯತೆಯೂ ಹೆಚ್ಚು. ಶತ್ರುವಿನ ಗುಣವನ್ನೇ ಕೀಲಿಕೈ ಮಾಡಿಕೊಳ್ಳುವ ಈ ಬುದ್ಧಿಗೆ ನಾನು ಮನಸೋತಿದ್ದೇನೆ.

ಆದರೆ ಈ ಕೆಲಸ ಹೆಚ್ಚಾಗಿ ಗಾಜಿನ ತಟ್ಟೆ, ಇಲಿಗಳ ಹಂತದಲ್ಲೇ ಇದೆ. ಸಿಲಿಕಾ ದೇಹದಿಂದ ಎಷ್ಟು ಬೇಗ ಹೊರಹೋಗುತ್ತದೆ? ಗೆಡ್ಡೆಯ ನಡುಭಾಗಕ್ಕೆ ಕಣವನ್ನು ತಲುಪಿಸುವುದು ಹೇಗೆ? ಭಾಲ್ಕಿಯಲ್ಲಿ ಎಂಜಿನಿಯರಿಂಗ್ ಓದುವವರೇ, ರಕ್ತದ ಹರಿವಿನ ಲೆಕ್ಕ ನಿಮ್ಮದು. ನಂದಿನಗರದ ಪಶುವೈದ್ಯಕೀಯ ವಿದ್ಯಾರ್ಥಿಗಳೇ, ನಾಯಿಗಳಿಗೆ ತಾನಾಗಿಯೇ ಬರುವ ಸ್ತನಗೆಡ್ಡೆ ಮನುಷ್ಯರ ಕಾಯಿಲೆಯನ್ನು ಬಹಳಷ್ಟು ಹೋಲುತ್ತದೆ. ಇಲಿ ಹೇಳದ್ದನ್ನು ಅದು ಹೇಳಬಲ್ಲದು.

ಕನ್ನಡ ಮಾಧ್ಯಮದಲ್ಲಿ ಓದಿದೆವೆಂದು ಹಿಂಜರಿಯಬೇಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿರಿ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೈ ಪಳಗಿಸಿಕೊಳ್ಳಬಹುದು. ನಿಮ್ಮ ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕಾಗುತ್ತದೆ. ನಾಳೆಯೇ ಹೋಗಿ ಕೇಳಿರಿ.