ಶುಶ್ರೂಷಾ ಕಾಯಕದ ಮೊದಲನೆಯ ಮೆಟ್ಟಿಲು



ರೋಗಿಯ ಸೇವೆಯು ಕೈಯಿಂದ ನಡೆಯತಕ್ಕ ಕಾಯಕವು. ಗ್ರಂಥವನ್ನೋದಿ ಅದರ ವಿಷಯವನ್ನು ತಿಳಿಯಬಹುದಲ್ಲದೆ, ಅದಕ್ಕೆ ತಕ್ಕ ಮನಸ್ಸು ತನ್ನಲ್ಲಿ ಉಂಟೋ ಇಲ್ಲವೋ ಎಂಬುದನ್ನು ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಅರಿಯಬೇಕು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿರುವ ಭಕ್ತರ ಮಕ್ಕಳಲ್ಲಿ ನರ್ಸಿಂಗ್ ವಿದ್ಯೆಯನ್ನು ಬಯಸುವವರಿಗೆ ಈ ಅರಿವನ್ನು ಮುಂಚಿತವಾಗಿ ಪಡೆಯಲು ಅಲ್ಲಿ ಒಂದು ಮಾರ್ಗವುಂಟು. ಅದು ನರ್ಸಿಂಗ್ ಅಸಿಸ್ಟೆಂಟ್, ಎಂದರೆ ದಾದಿಯ ಸಹಾಯಕರು, ಪಡೆಯುವ ಪ್ರಮಾಣಪತ್ರವು.

1987ನೆಯ ಇಸವಿಯಲ್ಲಿ ಆ ದೇಶದ ಶಾಸನಸಭೆಯು ವೃದ್ಧರೂ ಅಶಕ್ತರೂ ವಾಸಿಸುವ ನರ್ಸಿಂಗ್ ಹೋಮುಗಳ ಸುಧಾರಣೆಗಾಗಿ ನಿಯಮಗಳನ್ನು ಮಾಡಿತು. ಅವುಗಳ ಪ್ರಕಾರ ಸಹಾಯಕರು ಕನಿಷ್ಠ 75 ಘಂಟೆಗಳ ಶಿಕ್ಷಣವನ್ನು ಹೊಂದಬೇಕು. ಅದರಲ್ಲಿ 16 ಘಂಟೆಗಳಾದರೂ ಮೇಲ್ವಿಚಾರಕರ ಕಣ್ಣೆದುರಿನ ಅಭ್ಯಾಸವಾಗಿರಬೇಕು. ಕೆಲವು ಸಂಸ್ಥಾನಗಳು ಇನ್ನೂ ಹೆಚ್ಚು ಕಾಲವನ್ನು ವಿಧಿಸಿವೆ. ಕ್ಯಾಲಿಫೋರ್ನಿಯಾದಲ್ಲಿ ಅದು 160 ಘಂಟೆಗಳು. ಬಳಿಕ ಜ್ಞಾನವನ್ನೂ ಕೈಚಳಕವನ್ನೂ ಪರೀಕ್ಷಿಸಿ, ತೇರ್ಗಡೆಯಾದವರ ಹೆಸರನ್ನು ಸಂಸ್ಥಾನದ ದಾಖಲೆಯಲ್ಲಿ ಬರೆಯುತ್ತಾರೆ.

ಈ ಸಹಾಯಕರ ಕೆಲಸವಾದರೂ ಯಾವುದು? ಏಳಲಾರದವರಿಗೆ ಸ್ನಾನ ಮಾಡಿಸುವುದು, ತುತ್ತು ಉಣಿಸುವುದು, ಮಲಮೂತ್ರಗಳನ್ನು ಶುಚಿಗೊಳಿಸುವುದು, ಹಾಸಿಗೆಹುಣ್ಣು ಆಗದಂತೆ ಮಗ್ಗುಲು ಬದಲಿಸುವುದು, ನಾಡಿಯನ್ನೂ ಜ್ವರವನ್ನೂ ನೋಡಿ ದಾದಿಗೆ ತಿಳಿಸುವುದು. ಇದರಲ್ಲಿ ಬೆನ್ನು ನೋಯುವಷ್ಟು ಶ್ರಮವುಂಟು, ಸಂಬಳವು ಅಲ್ಪ. ಇದನ್ನು ಕಂಡು ಹಿಮ್ಮೆಟ್ಟುವವನು ಕೆಲವು ವಾರಗಳಲ್ಲಿಯೇ ಹಿಮ್ಮೆಟ್ಟುವುದು ಲೇಸು. ಎರಡು ವರುಷ ಓದಿ, ಸಾಲ ಮಾಡಿ, ಆಮೇಲೆ ಈ ಕಾಯಕವು ತನಗೆ ಒಗ್ಗದೆಂದು ತಿಳಿಯುವವನ ದುಃಖವು ಮನೆಮಂದಿಯೆಲ್ಲರ ದುಃಖವಾಗುತ್ತದೆ. ನಿಂತವನಿಗೋ ರೋಗಿಯ ಮೈಯನ್ನು ಮುಟ್ಟುವ ಅಂಜಿಕೆ ಮೊದಲೇ ಕಳೆದಿರುತ್ತದೆ.

ಆದರೆ ಪ್ರಮಾಣಪತ್ರದ ಮಿತಿಯನ್ನೂ ತಿಳಿದಿರಬೇಕು. ಅದನ್ನು ಪಡೆದ ಮಾತ್ರಕ್ಕೆ ದಾದಿಯಾಗುವುದಿಲ್ಲ. ದಾದಿಯ ಅಧಿಕಾರಕ್ಕೆ ಎರಡರಿಂದ ನಾಲ್ಕು ವರುಷಗಳ ವ್ಯಾಸಂಗವೂ ಪರವಾನಗಿಯ ಪರೀಕ್ಷೆಯೂ ಬೇರೆಯಾಗಿಯೇ ಬೇಕು. ಕೆಲವು ವಿದ್ಯಾಲಯಗಳು ಪ್ರವೇಶಕ್ಕೆ ಈ ಪತ್ರವನ್ನು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಆದಕಾರಣ ಸೇರಬಯಸುವ ವಿದ್ಯಾಲಯವನ್ನು ಮೊದಲು ವಿಚಾರಿಸತಕ್ಕದ್ದು. ತರಬೇತಿಗೆ ಹಣವಿಲ್ಲದವರು ಇದನ್ನು ನೆನಪಿಡಬೇಕು: ನರ್ಸಿಂಗ್ ಹೋಮು ತಾನು ಕೆಲಸಕ್ಕೆ ತೆಗೆದುಕೊಂಡ ಸಹಾಯಕರಿಂದ ಕಡ್ಡಾಯ ಶಿಕ್ಷಣದ ವೆಚ್ಚವನ್ನು ವಸೂಲು ಮಾಡಕೂಡದೆಂದು ಕೇಂದ್ರದ ನಿಯಮವಿದೆ. ಎಡೆಬಿಡದೆ 24 ತಿಂಗಳು ಸಂಬಳದ ಸೇವೆಯನ್ನು ಮಾಡದಿದ್ದರೆ ಮತ್ತೆ ಪರೀಕ್ಷೆಗೆ ಒಳಗಾಗಬೇಕಾಗುತ್ತದೆ.

ಇನ್ನೊಂದು ಮಾತು. ಮೊದಲನೆಯ ಮೆಟ್ಟಿಲೆಂದ ಮಾತ್ರಕ್ಕೆ ಅದು ಕೀಳಲ್ಲ. ಜೀವಮಾನವೆಲ್ಲ ಸಹಾಯಕರಾಗಿಯೇ ಉಳಿಯುವವರು ಅನೇಕರು. ಬೆನ್ನಿನ ಚರ್ಮವು ಕೆಂಪಾದುದನ್ನೂ, ಅಜ್ಜಿಯು ಇಂದು ಊಟವನ್ನು ಅರ್ಧಕ್ಕೇ ಬಿಟ್ಟುದನ್ನೂ ಮೊದಲು ಕಾಣುವ ಕಣ್ಣು ಅವರದು. ಅವರೊಡನೆ ದುಡಿದು ಮುಂದೆ ದಾದಿಯಾದವರು ಅವರ ಮಾತನ್ನು ಕಡೆಗಣಿಸಲಾರರು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣರ ತತ್ತ್ವವನ್ನು ಬಾಯಿಂದ ಹೇಳುವುದು ಸುಲಭ. ಅಶಕ್ತನೊಬ್ಬನ ಮೈತೊಳೆದ ಕೈಗೆ ಅದು ಅನುಭವವಾಗುತ್ತದೆ. ಆ ಅನುಭವವನ್ನು ಹೊತ್ತು ವಿದ್ಯಾಲಯದ ಬಾಗಿಲನ್ನು ಹೊಕ್ಕವರ ವಿದ್ಯೆಯು ದಾಸೋಹವಾಗಲಿ.