ಉಪ್ಸಾರು, ಹಾಲುಬಾಯಿ

ಉಮ್ಮತ್ತೂರು ಎಂದೊಡನೆ ಚರಿತ್ರೆ ಓದಿದವರಿಗೆ ನೆನಪಾಗುವುದು ಅಲ್ಲಿನ ಪಾಳೆಯಗಾರರು. ಹದಿನಾರನೆಯ ಶತಮಾನದ ಮೊದಲಲ್ಲಿ ಕೃಷ್ಣದೇವರಾಯ ಅವರ ಮೇಲೆ ದಂಡೆತ್ತಿ ಬಂದದ್ದು. ನನಗೆ ನೆನಪಾಗುವುದು ತವರುಮನೆಯ ಒಲೆ. ಕೋಟೆಕೊತ್ತಲಗಳ ಮಾತನ್ನು ವಿದ್ವಾಂಸರಿಗೆ ಬಿಟ್ಟು, ಆ ಒಲೆಯ ಮುಂದೆ ಕಲಿತು, ಮರೆತು, ಇಳಿವಯಸ್ಸಿನಲ್ಲಿ ಮತ್ತೆ ಕಲಿಯಬೇಕಾಗಿ ಬಂದ ಅಡುಗೆಯ ವಿಚಾರವನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಮರೆತದ್ದು ತಾನಾಗಿ ಅಲ್ಲ, ನಾಚಿಕೆಯಿಂದ. ಮದುವೆಯಾಗಿ ಮೈಸೂರಿಗೆ ಬಂದ ಹೊಸತರಲ್ಲಿ, ಊಟದ ಹೊತ್ತಿಗೆ ಯಾರಾದರೂ ಬಾಗಿಲು ತಟ್ಟಿದರೆ ಮುದ್ದೆಯ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಎದ್ದು ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಗೋಧಿ ಹಬ್ಬಕ್ಕೋ ಕಾಯಿಲೆಗೋ ಬರುತ್ತಿದ್ದ ಧಾನ್ಯ. ಪಟ್ಟಣದಲ್ಲಿ ಅದು ದಿನನಿತ್ಯದ್ದಾಯಿತು. ಬೆಳಗ್ಗೆ ರವೆ ಉಪ್ಪಿಟ್ಟು, ಸಂಜೆ ಬಿಸ್ಕತ್ತು, ರಾತ್ರಿ ಚಪಾತಿ. ಮೊಮ್ಮಗಳನ್ನೂ ಹಾಗೆಯೇ ಬೆಳೆಸಿದೆ.

ಏಳು ವರ್ಷವಾದರೂ ಮಗು ಮೈಹಿಡಿಯಲಿಲ್ಲ. ಹೊಟ್ಟೆಯುಬ್ಬರ, ಆಗಾಗ ಭೇದಿ, ರಕ್ತಹೀನತೆ. ತಿನ್ನುವುದಕ್ಕೆ ಹಟ ಮಾಡುತ್ತಾಳೆಂದು ಗದರಿಸಿ, ತಟ್ಟೆಗೆ ಇನ್ನೊಂದು ಚಪಾತಿ ಹಾಕಿದವಳು ನಾನೇ. ಕೊನೆಗೆ ರಕ್ತ ಮತ್ತು ಕರುಳಿನ ಪರೀಕ್ಷೆಗಳಾಗಿ ವೈದ್ಯರು ಕಾಯಿಲೆಯ ಹೆಸರು ಹೇಳಿದರು: ಸೀಲಿಯಾಕ್. ಗೋಧಿ, ಬಾರ್ಲಿ ಮೊದಲಾದ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಗೋಧಿ ಹಿಟ್ಟಿಗೆ ಆ ಎಳೆಯುವ ಜಿಗುಟು ಬರುವುದು ಅದರಿಂದ. ಈ ಕಾಯಿಲೆಯಿರುವವರಲ್ಲಿ ಅದು ಸಣ್ಣಕರುಳಿನ ಒಳಪದರವನ್ನೇ ಕೆಡಿಸುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಚಿಕಿತ್ಸೆ ಪಥ್ಯವೊಂದೇ, ಅದೂ ಜೀವಮಾನವಿಡೀ.

ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಡಿಕ್ಕೆ ಎಂಬಾತನಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1944-45ರ ಯುದ್ಧಕಾಲದ ಬರದಲ್ಲಿ ಬ್ರೆಡ್ಡು ಸಿಗದಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ಮತ್ತೆ ಸೊರಗಿದರು. 1950ರಲ್ಲಿ ಆತ ಇದನ್ನು ಪ್ರಬಂಧವಾಗಿ ಮಂಡಿಸಿದ. ಊರಿಗೆ ಊರೇ ಹಸಿದಿದ್ದಾಗ ಕೆಲವು ಮಕ್ಕಳು ಬದುಕಿಕೊಂಡರೆಂಬುದನ್ನು ಓದಿ, ನಾನು ಒತ್ತಾಯದಿಂದ ಹಾಕಿದ ಚಪಾತಿಗಳು ಕಣ್ಣಮುಂದೆ ಬಂದವು.

ಸೊಸೆ ಬಿಡಬೇಕಾದ ಪದಾರ್ಥಗಳ ದೊಡ್ಡ ಪಟ್ಟಿಯನ್ನೇ ಬರೆದಿಟ್ಟಳು. ಮನೆ ಸೂತಕದ ಮನೆಯಂತಾಯಿತು. ಆ ಪಟ್ಟಿಯನ್ನು ಹಿಡಿದುಕೊಂಡೇ ನಾನು ಮಗುವಿನೊಡನೆ ಉಮ್ಮತ್ತೂರಿಗೆ ಹೋದೆ. ನನ್ನ ಅತ್ತಿಗೆಗೆ ಓದು ಬಾರದು. ಒಂದೊಂದಾಗಿ ಓದಿ ಹೇಳಿದೆ. ಮೈದಾ, ರವೆ, ಶಾವಿಗೆ, ಬ್ರೆಡ್ಡು, ಬಿಸ್ಕತ್ತು. ಅವರು ಕೇಳಿ ಮುಗಿಸಿ, "ಇದ್ರಲ್ಲಿ ಯಾವ್ದು ನಮ್ ಅಡುಗೆಮನೇಲಿ ಅದೆ ಅಂತ ಇಷ್ಟ್ ಅಳ್ತಿದ್ದೀಯವ್ವ?" ಎಂದರು.

ಆ ದಿನ ಮಾಡಿದ್ದು ಉಪ್ಸಾರು. ಮುಂಗಾರಿಗೆ ಮುನ್ನದ ಮಳೆ ಬಿದ್ದು ಹೊಲದ ಬದುಗಳಲ್ಲಿ ಸೊಪ್ಪು ಎದ್ದಿತ್ತು. ಅಣ್ಣೆ, ಗಣಿಕೆ, ಕನ್ನೆ, ಜೊತೆಗೆ ಹಿತ್ತಲಿನ ನುಗ್ಗೆ: ಇದು ಬೆರಕೆ ಸೊಪ್ಪು. ತೊಗರಿಬೇಳೆ ಅರೆಬೆಂದಾಗ ಸೊಪ್ಪು ಹಾಕಿ, ಉಪ್ಪಿಟ್ಟು ಬೇಯಿಸಿ, ಕಟ್ಟನ್ನು ಬಸಿದುಕೊಳ್ಳುವುದು. ಬಸಿದ ಸೊಪ್ಪು-ಬೇಳೆಗೆ ಒಗ್ಗರಣೆ, ತೆಂಗಿನ ತುರಿ, ಅದೇ ಪಲ್ಯ. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಅರೆದರೆ ಖಾರ. ಬಸ್ಸಾರಿನಲ್ಲಾದರೆ ಅರೆದದ್ದು ಕಟ್ಟಿನೊಳಗೇ ಬೆರೆಯುತ್ತದೆ. ಉಪ್ಸಾರಿನಲ್ಲಿ ಖಾರ ತಟ್ಟೆಯ ಅಂಚಿಗೆ ಪ್ರತ್ಯೇಕ. ಅವರವರ ನಾಲಗೆಗೆ ತಕ್ಕಷ್ಟು ಕಲಸಿಕೊಳ್ಳಬಹುದು. ಮಗುವಿಗೂ ಮುದುಕರಿಗೂ ಒಂದೇ ಪಾತ್ರೆಯ ಅಡುಗೆ. ಜೊತೆಗೆ ರಾಗಿಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಗ್ಲುಟೆನ್ ಮಾತ್ರ ಇಲ್ಲ.

ಇಷ್ಟಾದರೂ ಎಚ್ಚರ ತಪ್ಪುವಂತಿಲ್ಲ. ಅಂಗಡಿಯ ಇಂಗಿಗೆ ಅನೇಕ ವೇಳೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಮೇಲಿನದನ್ನು ಓದಿ ಕೊಳ್ಳಬೇಕು. ಇನ್ನೊಂದು ಅಪಾಯ ಹಿಟ್ಟಿನ ಮಿಲ್ಲಿನದು. ಹಿಂದೆ ಬೀಸಿದವರ ಗೋಧಿ ಮುಂದಿನವರ ರಾಗಿಯೊಡನೆ ಬರುತ್ತದೆ. ಈ ಮಕ್ಕಳಿಗೆ ಅಷ್ಟೇ ಸಾಕು. ಇದನ್ನು ಹೇಳಿದಾಗ ಅತ್ತಿಗೆ ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ತೊಳೆದು ಹಾಕಿದರು. "ಮಗೀಗೆ ಒಂದ್ ಸೇರು ಬೀಸ್ಕೊಟ್ರೆ ನನ್ ಕೈಯೇನೂ ಸವ್ದೋಗಲ್ಲ ಕಣವ್ವ" ಎಂದರು. ಆದರೆ ನಾನು ಅವರ ಕೈಗಳನ್ನು ನೋಡಿದ್ದೇನೆ, ಸವೆದಿವೆ. ಹಳೆಯ ಅಡುಗೆ ಸರಳವೆಂದು ಹೊಗಳುವವರು ಇದನ್ನು ನೆನಪಿಡಬೇಕು. ಪದಾರ್ಥಗಳು ಸರಳ, ಹೆಂಗಸರ ದುಡಿಮೆ ಎಂದೂ ಸರಳವಾಗಿರಲಿಲ್ಲ.

ಸಿಹಿಯ ಚಿಂತೆ ಉಳಿದಿತ್ತು. ಅಲ್ಲಿಯೂ ನಮ್ಮ ಹಿರಿಯರು ಬಡವರಾಗಿರಲಿಲ್ಲ. ಅಕ್ಕಿಯ ಕಜ್ಜಾಯ, ತಂಬಿಟ್ಟು, ಎಳ್ಳಿನ ಚಿಗಳಿ, ಗಸಗಸೆ ಪಾಯಸ, ಇವೊಂದಕ್ಕೂ ಗೋಧಿ ಬೇಡ. ಯುಗಾದಿಯ ಒಬ್ಬಟ್ಟಿನಲ್ಲಿ ಕಣಕವಷ್ಟೇ ನಿಷಿದ್ಧ. ಹೂರಣವನ್ನು ಉಂಡೆ ಕಟ್ಟಿ ಕೊಟ್ಟರಾಯಿತು. ಮಗುವಿಗೆ ಮೆಚ್ಚಿಗೆಯಾದದ್ದು ಹಾಲುಬಾಯಿ. ಒಂದು ಪಾವು ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಅರ್ಧ ಹೋಳು ತೆಂಗಿನಕಾಯಿಯೊಡನೆ ನುಣ್ಣಗೆ ಅರೆದು, ತೆಳುಬಟ್ಟೆಯಲ್ಲಿ ಎರಡು ಮೂರು ಸಲ ಹಾಲು ಹಿಂಡಬೇಕು. ಒಂದು ಪಾವು ಬೆಲ್ಲ ಕರಗಿಸಿ ಸೋಸಿ, ಆ ಹಾಲಿಗೆ ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ತಳ ಬಿಟ್ಟು ಮುದ್ದೆಯಾಗಿ ಹೊಳಪು ಬಂದಾಗ ಏಲಕ್ಕಿ, ತುಪ್ಪ. ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕೊಯ್ಯುವುದು.

ಎಲ್ಲರೂ ಗೋಧಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಗ್ಗುವವರಿಗೆ ಅದೂ ಅನ್ನವೇ. ಅನುಮಾನವಿದ್ದವರು ಪರೀಕ್ಷೆಗೆ ಮುಂಚೆಯೇ ಗೋಧಿ ಬಿಟ್ಟರೆ ಪರೀಕ್ಷೆಯ ಫಲವೇ ತಪ್ಪಬಹುದು. ಮೊದಲು ವೈದ್ಯರನ್ನು ಕಾಣಬೇಕು.

ಮೊಮ್ಮಗಳ ಎಂಟನೆಯ ಹುಟ್ಟುಹಬ್ಬಕ್ಕೆ ಕೇಕಿನ ಬದಲು ಎರಡು ತಟ್ಟೆ ಹಾಲುಬಾಯಿ ಮಾಡಿದೆ. ಮನಸ್ಸು ಅಳುಕುತ್ತಿತ್ತು. ಗೆಳತಿಯರಲ್ಲಿ ಒಬ್ಬಳು, "ಇದೇನು, ಚಾಕೊಲೇಟಾ?" ಎಂದು ಕೇಳಿದಳು. ನನ್ನ ಕೈ, ಹಳೆಯ ಅಭ್ಯಾಸ, ಮುಚ್ಚಲು ಇನ್ನೊಂದು ತಟ್ಟೆ ಹುಡುಕುವಷ್ಟರಲ್ಲಿ ಮಗು ಹೇಳಿತು: "ಅಲ್ಲ, ರಾಗಿ. ನಮ್ಮೂರಿನದು. ತಿನ್ನು."